ಬದು ಎತ್ತರಿಸುವ ಮೊದಲು ಕೊಡೆ ಹಿಡಿದು ಹೊಲ ಸುತ್ತಿ

ಪ್ರಶ್ನೆ: ನಮ್ಮದು ಇಳಿಜಾರಿನಲ್ಲಿರುವ 4 ಎಕರೆ ಹೊಲ. ಮಳೆ ನಂಬಿಕೊಂಡೇ ಬೆಳೆ. ಮುಂಚೆ ಸಣ್ಣಗೆ ದಿನಗಟ್ಟಲೆ ಹಿಡಿಯುತ್ತಿದ್ದ ಮಳೆ ಈಗ ವಾರಗಟ್ಟಲೆ ಕೈಕೊಡುತ್ತದೆ, ಆಮೇಲೆ ಒಂದೇ ರಾತ್ರಿ ಸುರಿದು ಹೋಗುತ್ತದೆ. ಎರಡು ವರ್ಷದ ಹಿಂದೆ ಯಂತ್ರ ತರಿಸಿ ಬದು ಹಾಕಿಸಿದೆವು. ಕಳೆದ ಮಳೆಗೆ ಅದು ನಡುವೆ ಒಡೆದು, ಸೊಂಟದಾಳದ ಕೊರಕಲು ಬಿದ್ದಿದೆ. ಮೇಲಿನ ಹೊಲದವರ ನೀರೂ ನಮ್ಮಲ್ಲಿಗೇ ನುಗ್ಗುತ್ತದೆ. ಬದುವನ್ನು ಇನ್ನೂ ಎತ್ತರ ಮಾಡಿಸಿದರೆ ಸರಿಹೋದೀತೇ? ಸುತ್ತಲಿನವರು ಏನೂ ಮಾಡದಿರುವಾಗ ನಾವೊಬ್ಬರೇ ಮಾಡಿ ಪ್ರಯೋಜನ ಇದೆಯೇ?

ಉತ್ತರ: ಎತ್ತರ ಮಾಡಿಸಬೇಡಿ. ಬದು ಎತ್ತರವಾದಷ್ಟೂ ಅದರ ಹಿಂದೆ ನಿಲ್ಲುವ ನೀರು ಜಾಸ್ತಿ. ಅದು ಮತ್ತೆ ಒಡೆದ ದಿನ ಅಷ್ಟೂ ನೀರು ಒಂದೇ ಕಂಡಿಯಲ್ಲಿ ನುಗ್ಗಿ, ಈಗಿನ ಕೊರಕಲನ್ನು ಎರಡರಷ್ಟು ಮಾಡುತ್ತದೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬದು, ಯಂತ್ರ, ಕೊರಕಲು ಎಲ್ಲ ಇದೆ, ಕೋಡಿಯ ಮಾತೇ ಇಲ್ಲ. ನೀರಿಗೆ ಹೊರಹೋಗಲು ನೀವು ದಾರಿ ಬಿಟ್ಟಿರಲಿಲ್ಲ ಅಂತ ಕಾಣುತ್ತದೆ. ಅದೇ ದಾರಿ ಮಾಡಿಕೊಂಡಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಸುರಿಯಿತು ಅಂದುಕೊಳ್ಳಿ. ನಿಮ್ಮ 4 ಎಕರೆಗೆ ಅದು ಒಂಬತ್ತೂವರೆ ಲಕ್ಷ ಲೀಟರ್ ಆಯಿತು. ಮೂರನೇ ಒಂದು ಪಾಲು ಇಂಗಿತು ಅಂತಲೇ ಇಟ್ಟುಕೊಂಡರೂ ಆರು ಲಕ್ಷ ಲೀಟರ್, ಅಂದರೆ 600 ಟನ್ ತೂಕದ ನೀರು ಇಳಿಜಾರಿನಲ್ಲಿ ಓಡಲು ಶುರು ಮಾಡುತ್ತದೆ. ಇದಕ್ಕೆ ಮೇಲಿನ ಹೊಲದ್ದನ್ನೂ ಸೇರಿಸಿ. ಸುಮ್ನೆ ಮಣ್ಣು ಗುಡ್ಡೆ ಹಾಕಿದ ಬದು ಇದನ್ನು ತಡೆಯುವುದು ಹೇಗೆ?

ನೀವು ಹೇಳುವ ಮಳೆಯ ಬದಲಾವಣೆ ಬರೀ ಅನಿಸಿಕೆಯಲ್ಲ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಸುಮಾರು 7% ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಹಾಗಾಗಿ ನೆಲದಿಂದ ಹೆಚ್ಚು ತೇವ ಹೀರುತ್ತದೆ, ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಮಣ್ಣಿಗೆ ಬೀಳುವ ಏಟು ಬೇರೆಯೇ ಆಗುತ್ತದೆ. ಜಿಟಿಜಿಟಿ ಮಳೆಯ ಅರ್ಧ ಮಿಲಿಮೀಟರ್ ಹನಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮೆಲ್ಲಗೆ ಇಳಿಯುತ್ತದೆ. ಬಿರುಮಳೆಯ 5 ಮಿಲಿಮೀಟರ್ ಹನಿ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ತೂಕ, ವೇಗ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ದೊಡ್ಡ ಹನಿಯ ಏಟಿನ ಶಕ್ತಿ ಸಣ್ಣ ಹನಿಯದಕ್ಕಿಂತ ಸುಮಾರು 20 ಸಾವಿರ ಪಟ್ಟು ಹೆಚ್ಚು. ತಪ್ಪಿ ಬರೆದದ್ದಲ್ಲ, 20 ಸಾವಿರವೇ.

ಮಣ್ಣು ಕೊಚ್ಚಿಹೋಗುವುದು ಅಂದರೆ ಹರಿಯುವ ನೀರಿನ ಕೆಲಸ ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು. 1940ರ ದಶಕದಲ್ಲಿ ಅಮೆರಿಕದ ಎಲಿಸನ್ ಎಂಬ ಸಂಶೋಧಕರು ಕೆಲಸ ಶುರುವಾಗುವುದೇ ಹನಿಯ ಏಟಿನಿಂದ ಅಂತ ತೋರಿಸಿದರು. ಹನಿ ಬರಿ ನೆಲಕ್ಕೆ ಬಡಿದಾಗ ಮಣ್ಣಿನ ಹರಳು ಒಡೆದು ಪುಡಿಯಾಗುತ್ತದೆ. ಸಿಡಿದ ಕಣ ಒಂದೂವರೆ ಮೀಟರ್ ದೂರದವರೆಗೂ ಹಾರಬಹುದು. ನುಣ್ಣನೆಯ ಪುಡಿ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಕೂತು ಮೇಲೆ ಒಂದು ಪದರ ಗಟ್ಟಿಯಾಗುತ್ತದೆ. ಆಮೇಲೆ ನೀರು ಇಂಗುವುದಿಲ್ಲ, ಓಡುತ್ತದೆ. ಬರವೂ ನೆರೆಯೂ ಒಂದೇ ಹೊಲದಲ್ಲಿ, ಒಂದೇ ತಿಂಗಳಲ್ಲಿ ಬರುವುದು ಹೀಗೆ. ನೀರು ಬಂದಿತ್ತು, ಒಳಗೆ ಹೋಗಲಿಲ್ಲ, ಅಷ್ಟೇ.

ಇದನ್ನು ನೀವೇ ನೋಡಬಹುದು. ಮುಂದಿನ ದೊಡ್ಡ ಮಳೆಯ ಮಾರನೇ ದಿನ ಹೊಲಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ. ನಿಂತು ನೋಡಿದರೆ ಕಾಣುವುದಿಲ್ಲ. ಬರಿ ಜಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಕಲ್ಲುಗಳನ್ನು ಹುಡುಕಿ. ಒಂದೊಂದು ಕಲ್ಲೂ ಒಂದು ಪುಟ್ಟ ಮಣ್ಣಿನ ಕಂಬದ ಮೇಲೆ ಕೊಡೆಯ ಹಾಗೆ ನಿಂತಿರುತ್ತದೆ. ಕಲ್ಲಿನ ಅಡಿಯ ಮಣ್ಣಿಗೆ ಹನಿಯ ಏಟು ಬಿದ್ದಿಲ್ಲ, ಸುತ್ತಲಿನದು ಹೋಗಿದೆ. ಒಂದು ಕಡ್ಡಿ ತೆಗೆದುಕೊಂಡು ಆ ಕಂಬದ ಎತ್ತರ ಅಳೆಯಿರಿ. 5 ಮಿಲಿಮೀಟರ್ ಇದ್ದರೆ ನೆಲದ ಮಟ್ಟ ಅಷ್ಟು ಇಳಿದಿದೆ ಅಂತ ಅರ್ಥ. ಒಂದು ಎಕರೆಯಿಂದ 1 ಮಿಲಿಮೀಟರ್ ಮಣ್ಣು ಹೋದರೆ ಸುಮಾರು 5 ಟನ್. 5 ಮಿಲಿಮೀಟರ್ ಅಂದರೆ 25 ಟನ್. ಎಲ್ಲ ಮಣ್ಣೂ ಹೊಲ ಬಿಟ್ಟೇ ಹೋಗಿರುವುದಿಲ್ಲ, ಸ್ವಲ್ಪ ಅಲ್ಲೇ ಕೆಳಗೆ ಕೂತಿರುತ್ತದೆ. ಆದರೂ ಕೊರಕಲು ನೋಡಿ ಗಾಬರಿಯಾಗುವ ನಾವು ಈ ಪುಟ್ಟ ಕಂಬಗಳನ್ನು ನೋಡಿ ಗಾಬರಿಯಾಗುವುದಿಲ್ಲ. ಅದೇ ನಮ್ಮ ತಪ್ಪು. ಕೊರಕಲು ಒಂದು ಜಾಗದಲ್ಲಿದೆ, ಇದು ಇಡೀ ಹೊಲದಲ್ಲಿದೆ. ಮೊದಲು ಹೋಗುವುದೂ ಹಗುರ ಕಣ, ನುಣ್ಣನೆ ಮಣ್ಣು, ಕೊಳೆತ ಸಾವಯವ ಪದಾರ್ಥ. ಅಂದರೆ ಗೊಬ್ಬರ ಹಿಡಿದಿಡುವ ಭಾಗ. ಉಳಿಯುವುದು ಮರಳು, ಗರಸು.

ಹಾಗಾಗಿ ನಿಮ್ಮ ಕೆಲಸ ಬದುವಿನಿಂದ ಶುರುವಾಗಬಾರದು, ಹೊದಿಕೆಯಿಂದ, ಅಂದರೆ ನೆಲವನ್ನು ಮುಚ್ಚಿಡುವುದರಿಂದ, ಶುರುವಾಗಬೇಕು. ಇದು ನನ್ನ ಹಟ ಅಂತ ಬೇಕಾದರೆ ಅಂದುಕೊಳ್ಳಿ, ಆದರೆ ಲೆಕ್ಕವೂ ಇದೆ. ಮಣ್ಣಿನ ಸವೆತವನ್ನು ಅಂದಾಜು ಮಾಡಲು ವಿಶ್ಮೈಯರ್ ಮತ್ತು ಸ್ಮಿತ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ರೂಪಿಸಿದ ಸೂತ್ರವನ್ನೇ ಪ್ರಪಂಚದ ಬಹುತೇಕ ಕಡೆ ಬಳಸುತ್ತಾರೆ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ, ಅದು ಎಷ್ಟು ಕಡಿದಾಗಿದೆ ಅನ್ನುವುದು, ನೆಲದ ಹೊದಿಕೆ, ಅಡ್ಡ ಉಳುಮೆಯಂಥ ಕ್ರಮಗಳು, ಇವೆಲ್ಲವನ್ನೂ ಅದರಲ್ಲಿ ಗುಣಿಸುತ್ತಾರೆ. ಇಳಿಜಾರಿಗೆ ಅಡ್ಡಲಾಗಿ ಉತ್ತರೆ, ಎಲ್ಲ ಅನುಕೂಲವಾಗಿದ್ದರೆ, ಸವೆತ ಅರ್ಧದಷ್ಟು ಇಳಿಯಬಹುದು. ಹೊದಿಕೆಯ ಅಂಕಿ ಮಾತ್ರ ಬರಿ ನೆಲಕ್ಕೆ 1 ಇದ್ದದ್ದು ದಟ್ಟ ಕಾಡಿನಲ್ಲಿ ಸಾವಿರದಲ್ಲೊಂದಕ್ಕೆ ಇಳಿಯುತ್ತದೆ. ಹೊಲ ಕಾಡಾಗುವುದಿಲ್ಲ ನಿಜ. ಆದರೆ ನೆಲದ ಮೂರನೇ ಒಂದು ಭಾಗ ಮುಚ್ಚಿದ್ದರೂ ಸವೆತ ಅರ್ಧದಷ್ಟೋ ಇನ್ನೂ ಹೆಚ್ಚೋ ತಗ್ಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಬೇರೊಂದು ನನಗೆ ಗೊತ್ತಿಲ್ಲ.

ಹೊದಿಕೆಗೆ ಸೊಪ್ಪುಸದೆ ಎಲ್ಲಿಂದ ತರೋಣ, ಇರುವುದು ದನಕ್ಕೇ ಸಾಲದು ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಹೊದಿಕೆ ಅಂದರೆ ಹುಲ್ಲು ಹಾಸುವುದೊಂದೇ ಅಲ್ಲ. ಜೋಳ, ಸಜ್ಜೆ ಕೊಯ್ಯುವಾಗ ಬುಡಕ್ಕೇ ಕೊಯ್ಯದೆ ಒಂದು ಗೇಣು ಕೂಳೆ ಬಿಟ್ಟು ಕೊಯ್ಯಿರಿ. ಸಾಲಿನ ನಡುವೆ ಹಲಸಂದೆಯನ್ನೋ ಹುರುಳಿಯನ್ನೋ ಬಿತ್ತಿ, ಬೇಗ ಹರಡಿ ನೆಲ ಮುಚ್ಚುತ್ತವೆ. ಬದುವಿನ ಮೇಲೆ ಗ್ಲಿರಿಸಿಡಿಯಾ ಹಾಕಿದರೆ ಸೊಪ್ಪು ಕಡಿದು ಹೊಲಕ್ಕೇ ಹರಡಬಹುದು. ಕಸ ಸುಡುವುದನ್ನಂತೂ ಇವತ್ತೇ ನಿಲ್ಲಿಸಿ. ಮಳೆಗೆ ಮುಂಚೆ ರೋಟಾವೇಟರ್ ಹೊಡೆಸಿ ಮಣ್ಣನ್ನು ಹಿಟ್ಟು ಮಾಡುವುದನ್ನೂ ಬಿಡಿ. ನೋಡಲು ಚೆಂದ, ಆದರೆ ಮೊದಲ ಬಿರುಮಳೆಗೆ ಆ ಹಿಟ್ಟೆಲ್ಲ ಕೆಸರಾಗಿ ಹೊರಡುತ್ತದೆ. ಅಡ್ಡಲಾಗಿ ಉತ್ತು ಹೆಂಟೆ ಹೆಂಟೆಯಾಗಿ ಬಿಟ್ಟ ನೆಲ ಎಷ್ಟೋ ಮೇಲು. ಸವೆತ ಹೆಚ್ಚು ಆಗುವುದು ಬಿತ್ತನೆಯ ಹೊತ್ತಿನ ಮಳೆಗೆ. ಆಗ ನೆಲದ ಮೇಲೆ ಏನೂ ಇರುವುದಿಲ್ಲ. ಆ ಕೆಲವು ವಾರ ಕಾಯ್ದುಕೊಂಡರೆ ವರ್ಷದ ಅರ್ಧ ಕೆಲಸ ಆದ ಹಾಗೆ.

ಬ್ರೆಜಿಲ್‌ನ ಪರಾನಾ ಪ್ರಾಂತ್ಯದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ ಇದ್ದರು. ಆಳವಾಗಿ ಉತ್ತ ಹೊಲದಿಂದ ಪ್ರತಿ ಬಿರುಮಳೆಗೂ ಕೆಂಪು ನೀರು ಹೋಗುವುದನ್ನು ನೋಡಿ ರೋಸಿಹೋಗಿ, 1972ರಲ್ಲಿ ಉಳುಮೆಯನ್ನೇ ಬಿಟ್ಟು ಹಳೇ ಬೆಳೆಯ ಕಸದ ನಡುವೆಯೇ ಬಿತ್ತಿದರು. ಅಲ್ಲಿಂದ ಆ ಪದ್ಧತಿ ಬ್ರೆಜಿಲ್‌ನ ಕೋಟ್ಯಂತರ ಎಕರೆಗೆ ಹಬ್ಬಿತು. ಕತೆಯ ಎರಡನೇ ಭಾಗವನ್ನು ಹೇಳುವವರು ಕಡಿಮೆ. ಹೊದಿಕೆ ಇದೆಯಲ್ಲ, ಇನ್ನು ಬದು ಯಾಕೆ ಅಂತ ಕೆಲವರು ಅಲ್ಲಿ ಬದುಗಳನ್ನು ಕಿತ್ತು ಹಾಕಿದರು. ದೊಡ್ಡ ಯಂತ್ರ ತಿರುಗಿಸಲು ಸುಲಭ ಅಂತಲೂ ಇತ್ತು. ದೊಡ್ಡ ಮಳೆಗಳಲ್ಲಿ ಮಣ್ಣು ಮತ್ತೆ ಹೋಯಿತು. ಹೊದಿಕೆ ಹನಿಯ ಏಟು ತಡೆಯುತ್ತದೆ. ಉದ್ದ ಇಳಿಜಾರಿನಲ್ಲಿ ಸೇರಿ ಸೇರಿ ದೊಡ್ಡದಾಗುವ ಹರಿವನ್ನು ತಡೆಯಲು ಬದು ಬೇಕೇ ಬೇಕು. ಮೊದಲು ಹೊದಿಕೆ, ಆಮೇಲೆ ಬದು, ಎರಡೂ ಇರಲಿ.

ಈಗ ಬದುವಿನ ವಿಷಯಕ್ಕೆ ಬರೋಣ.

ನಿಮ್ಮದು ನಡುವೆ ಒಡೆದದ್ದು ಯಾಕೆ? ಕೋಡಿ ಇಲ್ಲದ್ದು ಒಂದು. ಇನ್ನೊಂದು, ಬಹುಶಃ ಬದು ಮಟ್ಟದಲ್ಲಿಲ್ಲ. ಇದು ನನ್ನ ಅನುಭವದ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಹೊಲದಲ್ಲಿ ಕಣ್ಣಳತೆಯಲ್ಲೇ ಬದುವಿನ ಗೆರೆ ಎಳೆಸಿದ್ದೆ. ಗೆರೆ ನೋಡಲು ಬಲು ನೀಟಾಗಿತ್ತು. ಮೊದಲ ಜೋರು ಮಳೆಗೆ, ನಡುವೆ ಒಂದು ಗೇಣು ತಗ್ಗಿದ್ದ ಜಾಗಕ್ಕೆ ಎರಡೂ ಕಡೆಯಿಂದ ನೀರು ಓಡಿಬಂದು ಅಲ್ಲೇ ಉಕ್ಕಿ ಬದುವನ್ನು ಕೊಯ್ದುಕೊಂಡು ಹೋಯಿತು. ಹೊಲದ ಯಜಮಾನರು ಬೈಯಲಿಲ್ಲ. ಒಡೆದ ಕಡೆ ಕರೆದುಕೊಂಡು ಹೋಗಿ, "ಇಲ್ಲಿ ಮೊದಲಿಂದಲೂ ನೀರು ಕಟ್ಟುತ್ತಿತ್ತು ಸಾರ್" ಅಂದರು. ಗೆರೆ ಎಳೆಯುವ ದಿನ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಮಟ್ಟ ಹಿಡಿಯಲು ದೊಡ್ಡ ಉಪಕರಣ ಬೇಡ. ಎರಡು ಮೀಟರ್ ಉದ್ದದ ಎರಡು ಗಳು ತೆಗೆದುಕೊಂಡು ತುದಿ ಸೇರಿಸಿ ಕಟ್ಟಿ, ಕಾಲು ಅಗಲಿಸಿ ನಿಲ್ಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ದಾರ ಅಡ್ಡಪಟ್ಟಿಯನ್ನು ಮುಟ್ಟಿದ ಕಡೆ ಗೆರೆ ಎಳೆದು, ಕಾಲು ಊರಿದ ಎರಡೂ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿ. ಈಗ ಎರಡೂ ಕಾಲುಗಳ ಜಾಗ ಅದಲು ಬದಲು ಮಾಡಿ, ಅದೇ ಎರಡು ಗುರುತಿನ ಮೇಲೆ ನಿಲ್ಲಿಸಿ ಮತ್ತೊಂದು ಗೆರೆ ಎಳೆಯಿರಿ. ಎರಡೂ ಗೆರೆಗಳ ಸರಿಮಧ್ಯವೇ ಮಟ್ಟದ ಗುರುತು. ಹೊಲದ ಒಂದು ಅಂಚಿನಲ್ಲಿ ಶುರು ಮಾಡಿ, ಒಂದು ಕಾಲು ಊರಿ ಇನ್ನೊಂದನ್ನು ಮೇಲೆ ಕೆಳಗೆ ಸರಿಸುತ್ತ, ದಾರ ಆ ಗುರುತಿಗೆ ಬಂದ ಕಡೆ ಗೂಟ ಹೊಡೆಯುತ್ತ ಹೋಗಿ. ಹೊಲದುದ್ದಕ್ಕೂ ಒಂದೇ ಮಟ್ಟದ ಗೆರೆ ಸಿಗುತ್ತದೆ. ಇದನ್ನೇ ಸಮಪಾತಳಿ ಅನ್ನುವುದು. ಗೆರೆ ಹಾವಿನ ಹಾಗೆ ಡೊಂಕಾಗಿ ಬಂದರೆ ನಕ್ಕುಬಿಡಬೇಡಿ. ಹೊಲ ಇರುವುದೇ ಹಾಗೆ.

ಫಿಲಿಪೈನ್ಸ್‌ನ ಕ್ಲಾವೇರಿಯಾ ಎಂಬಲ್ಲಿ ರೈತರು ಇದಕ್ಕಿಂತ ಸಲೀಸಾದ ದಾರಿ ಹಿಡಿದರು. ಉಳುವ ದನದ ಹಿಂದೆ ನಡೆಯುತ್ತ ಅದರ ಬೆನ್ನು ನೋಡುವುದು. ದನ ಏರು ಹತ್ತಿದರೆ ಬೆನ್ನಿನ ಮುಂಭಾಗ ಏಳುತ್ತದೆ, ಇಳಿದರೆ ಹಿಂಭಾಗ ಏಳುತ್ತದೆ. ಬೆನ್ನು ಸಮವಾಗಿದ್ದರೆ ಹೆಜ್ಜೆ ಸಮಪಾತಳಿಯಲ್ಲಿದೆ. ಅಷ್ಟೇ ಉಪಾಯ. ಅಲ್ಲಿನ ಇನ್ನೊಂದು ಸಂಗತಿಯೂ ನನಗೆ ಬಹಳ ಇಷ್ಟ. ಇಳಿಜಾರಿಗೆ ಅಡ್ಡಲಾಗಿ ಗಿಡಗಳ ಬೇಲಿಸಾಲು ನೆಡಿ ಅಂತ ತಜ್ಞರು ಹೇಳಿದ್ದರು. ಬೇಲಿ ಕತ್ತರಿಸುತ್ತಾ ಕೂರಲು ರೈತರಿಗೆ ಪುರುಸೊತ್ತಿಲ್ಲ. ಅವರು ಆ ಗೆರೆಯ ಮೇಲೆ ಅರ್ಧ ಮೀಟರ್ ಅಗಲದ ಪಟ್ಟಿಯನ್ನು ಉಳದೆ ಸುಮ್ನೆ ಬಿಟ್ಟರು. ಹುಲ್ಲು ತಾನಾಗಿ ಬೆಳೆಯಿತು. ಮೇಲಿಂದ ಬಂದ ಮಣ್ಣು ಹುಲ್ಲಿಗೆ ತಡೆದು ಕೂತು, ಕೆಲವು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಏರ್ಪಟ್ಟಿತು. ಕೊನೆಗೆ ತಜ್ಞರೇ ಅವರಿಂದ ಕಲಿತು ಆ ಪದ್ಧತಿಗೆ ಹೆಸರಿಟ್ಟರು. ಕೈಯಲ್ಲಿ ಹಣವಿಲ್ಲದ ವರ್ಷ ನೀವೂ ಇಷ್ಟನ್ನಾದರೂ ಮಾಡಬಹುದು. ನೆಡುವುದೇ ಆದರೆ ಲಾವಂಚ ನೆಡಿ. ಬೇರು ಅಡ್ಡ ಹರಡಿ ಬೆಳೆಗೆ ತೊಂದರೆ ಕೊಡುವುದಿಲ್ಲ, ನೇರ ಕೆಳಗಿಳಿಯುತ್ತದೆ. ಬುಡಗಳ ನಡುವೆ ಸಂದು ಬಿಡಬೇಡಿ. ಸಂದು ಬಿಟ್ಟರೆ ನೀರು ಅಲ್ಲೇ ನುಸುಳಿ ಕೊರೆಯುತ್ತದೆ.

ಬದುವನ್ನು ಮತ್ತೆ ಕಟ್ಟುವಾಗ ಒಡೆದ ಕಡೆ ಬರೀ ಮಣ್ಣು ತುಂಬಬೇಡಿ. ಎರಡೂ ಪಕ್ಕದ ಗಟ್ಟಿ ಮಣ್ಣನ್ನು ಮೆಟ್ಟಿಲಿನಂತೆ ಕಡಿದು, ಒಂದೊಂದು ಗೇಣು ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ ಮೇಲೆ ಬನ್ನಿ. ಇಲ್ಲದಿದ್ದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗುವುದಿಲ್ಲ. ನಿಮ್ಮದು ಎರೆ ಮಣ್ಣಾಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಆ ಬಿರುಕಿನಿಂದಲೇ ನೀರು ಬದುವಿನೊಳಗೆ ತೂತು ಮಾಡಿಕೊಂಡು ಹೋಗುತ್ತದೆ. ಅಂಥ ನೆಲದಲ್ಲಿ ನೀರನ್ನು ನಿಲ್ಲಿಸುವ ಬದುವಿಗಿಂತ ಮೆಲ್ಲಗೆ ಪಕ್ಕಕ್ಕೆ ಸಾಗಿಸುವ ಬದು ಒಳ್ಳೆಯದು. 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂಟಿಮೀಟರ್ ಇಳಿಕೆ ಕೊಟ್ಟರೆ ಸಾಕು.

ಕೋಡಿಯನ್ನು ಬದುವಿನ ತುದಿಯಲ್ಲಿಡಿ, ನಡುವೆ ಬೇಡ. ಅದರ ಹಾಸು ಬದುವಿನ ನೆತ್ತಿಗಿಂತ ಒಂದು ಗೇಣು ಕೆಳಗಿರಲಿ. ಹಾಸಿಗೆ ಕಲ್ಲು ಹೊದಿಸಿ. ನೀರು ಬೀಳುವ ಕೆಳಬದಿಗೂ ಕಲ್ಲು ಬೇಕು, ಅದನ್ನೇ ಎಲ್ಲರೂ ಮರೆಯುವುದು. ಮೊದಲ ಬದುವಿನ ಕೋಡಿ ಎಡ ತುದಿಯಲ್ಲಿದ್ದರೆ ಎರಡನೆಯದು ಬಲ ತುದಿಗೆ ಬರಲಿ. ನೀರು ಹೊಲವನ್ನೆಲ್ಲ ಸುತ್ತಿಕೊಂಡು ಇಳಿಯುತ್ತದೆ. ಅಷ್ಟು ಹೊತ್ತು ಇಂಗುತ್ತಲೂ ಇರುತ್ತದೆ. ಎಷ್ಟು ಅಗಲ ಬೇಕು ಅಂದರೆ, ಮೊನ್ನೆ ಮೊನ್ನೆಯ ಅತಿ ಕೆಟ್ಟ ಮಳೆಯನ್ನು ನೆನಪು ಮಾಡಿಕೊಳ್ಳಿ, ಅದಕ್ಕಿಂತ ದೊಡ್ಡದು ಬರುತ್ತದೆ ಅಂತಲೇ ಅಗಲಿಸಿ. ಹಿಂದಿನವರು ಹಿಂದಿನ ಮಳೆಗೆ ಕಟ್ಟಿದ ಕೋಡಿ ಈಗ ಸಾಲುವುದಿಲ್ಲ.

ಕೊರಕಲಿನದು ಹೆಚ್ಚು ಹೇಳುವಂಥದ್ದಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಅದರ ತಲೆಗೆ ಬೀಳುವ ನೀರನ್ನು ಪಕ್ಕಕ್ಕೆ ತಿರುಗಿಸಿ. ಕೊರಕಲು ಬೆಳೆಯುವುದು ಮೇಲ್ಮುಖವಾಗಿ, ತಲೆಯ ಕಡೆಗೆ. ಆಮೇಲೆ ಒಳಗೆ ಅಲ್ಲಲ್ಲಿ ಕಲ್ಲು ಪೇರಿಸಿ ಮೊಣಕಾಲೆತ್ತರದ ತಡೆಗಳನ್ನು ಹಾಕಿ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇರಲಿ. ತಡೆಯ ನಡು ತಗ್ಗಾಗಿರಬೇಕು, ಎರಡು ಕೊನೆಗಳು ದಡದೊಳಗೆ ಒಂದು ಮೊಳ ಹೊಕ್ಕಿರಬೇಕು. ನಡು ಎತ್ತರವಾದರೆ ನೀರು ಪಕ್ಕ ಕೊರೆದುಕೊಂಡು ಹೋಗುತ್ತದೆ, ನಿಮ್ಮ ಕಲ್ಲುಗಳು ನಡುಗಡ್ಡೆಯ ಹಾಗೆ ನಿಂತಿರುತ್ತವೆ. ಎಷ್ಟು ಕಡೆ ನೋಡಿದ್ದೇನೋ ಇದನ್ನು. ಕೊರಕಲಿಗೆ ಮಣ್ಣು ತುಂಬಿಸಲು ಯಂತ್ರ ತರಿಸಬೇಡಿ. ಹೂಳು ತಾನೇ ಬಂದು ಕೂರುತ್ತದೆ.

ಹೊಲದಲ್ಲಿ ಏನೂ ಬೆಳೆಯದ ಬೋಳು ತೇಪೆ ಇದ್ದರೆ ಬುರ್ಕಿನಾ ಫಾಸೋದ ಯಾಕೂಬಾ ಸಾವಾಡೋಗೊ ಮಾಡಿದ್ದನ್ನು ಮಾಡಿ. 1980ರ ಹೊತ್ತಿಗೆ, ಬರದಿಂದ ಜನ ಊರು ಬಿಟ್ಟು ಹೋಗುತ್ತಿದ್ದಾಗ, ಅವರು ಗಟ್ಟಿ ನೆಲದಲ್ಲಿ ಬೇಸಿಗೆಯಲ್ಲೇ ಸಾಲು ಸಾಲು ಗುಂಡಿ ತೋಡಲು ಶುರು ಮಾಡಿದರು. ಒಂದು ಗೇಣು ಅಗಲ, ಅಷ್ಟೇ ಆಳ, ಒಳಗೆ ಬೊಗಸೆ ಗೊಬ್ಬರ. ಗೊಬ್ಬರಕ್ಕೆ ಗೆದ್ದಲು ಬಂದು ನೆಲ ಕೊರೆದು ಸಡಿಲ ಮಾಡಿದವು. ಮಳೆ ಬಂದಾಗ ಹರಿದು ಹೋಗುತ್ತಿದ್ದ ನೀರು ಗುಂಡಿಯಲ್ಲಿ ನಿಂತು ಇಂಗಿತು. ಜೈ ಅಂತ ಕರೆಯುವ ಈ ಗುಂಡಿಗಳು ಅಲ್ಲಿ ಹಳೇ ಪದ್ಧತಿಯೇ. ಇವರು ಅದನ್ನು ಅಗಲ ಮಾಡಿದರು, ಗೊಬ್ಬರ ಸೇರಿಸಿದರು. ಊರವರು ಮೊದಲು ಹುಚ್ಚ ಅಂದರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಅವರಿದ್ದ ಯಾಟೆಂಗಾ ಸೀಮೆಯಲ್ಲೇ ರೈತರು ಸಮಪಾತಳಿಯಲ್ಲಿ ಕಲ್ಲಿನ ಸಾಲು ಜೋಡಿಸಿದರು. ಮಟ್ಟ ನೋಡಲು ಅವರು ಬಳಸಿದ್ದು ನೀರು ತುಂಬಿದ ಪ್ಲಾಸ್ಟಿಕ್ ಪೈಪು. ಮನೆ ಕಟ್ಟುವ ಮೇಸ್ತ್ರಿಗಳ ಕೈಯಲ್ಲಿ ನೀವೂ ಅದನ್ನು ನೋಡಿರುತ್ತೀರಿ, ಅಲ್ವಾ? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಗುಂಡಿ ತೋಡುವುದು ಸೊಂಟ ಮುರಿಯುವ ಕೆಲಸ. ಇಡೀ 4 ಎಕರೆಗೆ ಕೈ ಹಾಕಬೇಡಿ, ಬೋಳು ತೇಪೆಗೆ ಮಾತ್ರ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಒಬ್ಬರೇ ಮಾಡಿ ಪ್ರಯೋಜನ ಇದೆಯೇ?

ಹೊದಿಕೆ, ಅಡ್ಡ ಉಳುಮೆ, ಹುಲ್ಲಿನ ಪಟ್ಟಿ ಇವಕ್ಕೆ ಯಾರನ್ನೂ ಕಾಯಬೇಕಿಲ್ಲ. ಬದು, ಕೋಡಿ, ಕೊರಕಲು ಮಾತ್ರ ಒಬ್ಬರಿಂದ ಆಗುವುದಿಲ್ಲ. ಕಾರಣ ಸರಳ. ನೀರಿಗೆ ಸರ್ವೆ ಕಲ್ಲು ಕಾಣುವುದಿಲ್ಲ, ಇಳಿಜಾರು ಮಾತ್ರ ಕಾಣುತ್ತದೆ. ಮಿಚ್ ಚಂಡಮಾರುತ 1998ರಲ್ಲಿ ಮಧ್ಯ ಅಮೆರಿಕಕ್ಕೆ ಬಡಿದ ಮೇಲೆ ಹೊಂಡುರಾಸ್, ನಿಕರಾಗುವಾ, ಗ್ವಾಟೆಮಾಲಾದ ರೈತರೇ ಸೇರಿ ಒಂದು ಅಳತೆ ಮಾಡಿದರು. ಹೊದಿಕೆ, ಬದು, ಮರ ಎಲ್ಲ ಇದ್ದ ಹೊಲವನ್ನು ಪಕ್ಕದ ಮಾಮೂಲಿ ಹೊಲದ ಜೊತೆ ಜೋಡಿ ಮಾಡಿ, ಸುಮಾರು 1,800 ತುಂಡು ನೆಲ ನೋಡಿದರು. ಮಣ್ಣು ಕಾಯ್ದವರ ಹೊಲದಲ್ಲಿ ಮೇಲ್ಮಣ್ಣು 20ರಿಂದ 40% ಹೆಚ್ಚು ಉಳಿದಿತ್ತು, ತೇವವೂ ಹೆಚ್ಚು ಇತ್ತು. ಆದರೆ ಮಳೆ ಅತಿಯಾದ ಕಡೆ, ಮೇಲಿನ ಇಳಿಜಾರು ಬೋಳಾಗಿದ್ದು ಅಲ್ಲಿಂದಲೇ ಗುಡ್ಡ ಜರಿದ ಕಡೆ, ಈ ವ್ಯತ್ಯಾಸ ಕರಗಿಹೋಯಿತು. ನಿಮ್ಮ ಹೊಲದ ಕತೆಯೂ ಅದೇ ಅಲ್ವಾ?

ಆದ್ದರಿಂದ ಮೇಲಿನ ಹೊಲದವರ ಹತ್ತಿರ ಹೋಗಲೇಬೇಕು. ಹೋಗುವ ರೀತಿ ಮುಖ್ಯ. "ನಿಮ್ಮ ನೀರು ನಮ್ಮ ಹೊಲ ಹಾಳು ಮಾಡ್ತಿದೆ" ಅಂದರೆ ಜಗಳ ಶುರು. ಅವರನ್ನು ನಿಮ್ಮ ಹೊಲಕ್ಕೆ ಕರೆಯಿರಿ. ಬದುವಿನ ಹಿಂದೆ ಕೂತಿರುವ ನುಣ್ಣನೆ ಹೂಳನ್ನು ಕೈಯಲ್ಲಿ ಹಿಡಿದು ತೋರಿಸಿ. ಅದು ಅವರ ಹೊಲದ ಮೇಲ್ಮಣ್ಣು, ಅವರು ಹಾಕಿದ ಗೊಬ್ಬರ. ನಷ್ಟ ನಿಮಗಿಂತ ಅವರಿಗೇ ಜಾಸ್ತಿ. ಇದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೈಗೆ ಕೊಟ್ಟರೆ ಹೋಗುತ್ತದೆ.

ಊರೇ ಒಟ್ಟಾಗಿ ಮಾಡಿದ ಕಡೆ ಏನು ಕೆಲಸ ಮಾಡಿತು ಅಂತ ನೋಡಿದರೆ, ಉಪದೇಶ ಎಲ್ಲೂ ಕೆಲಸ ಮಾಡಿಲ್ಲ. ಚಂಡೀಗಢದ ಸುಖ್ನಾ ಕೆರೆ ಕಟ್ಟಿದ್ದು 1958ರಲ್ಲಿ. ಎರಡು ದಶಕ ತುಂಬುವ ಮೊದಲೇ ಅರ್ಧಕ್ಕಿಂತ ಹೆಚ್ಚು ಹೂಳು ತುಂಬಿತು. ಹೂಳು ಬರುತ್ತಿದ್ದದ್ದು ಮೇಲಿನ ಶಿವಾಲಿಕ್ ಗುಡ್ಡಗಳಿಂದ. ಅಲ್ಲಿನ ಸುಖೋಮಾಜ್ರಿ ಹಳ್ಳಿಯವರು ಬೇರೆ ದಾರಿಯಿಲ್ಲದೆ ಗುಡ್ಡದಲ್ಲಿ ಆಡು, ದನ ಮೇಯಿಸುತ್ತಿದ್ದರು. ಪಿ. ಆರ್. ಮಿಶ್ರಾ ಎಂಬ ಮಣ್ಣು ಸಂರಕ್ಷಣೆ ತಜ್ಞರು 1970ರ ದಶಕದಲ್ಲಿ ಅಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಕಟ್ಟಿಸಿದರು. ನೀರು ಬಂದ ಮೇಲೆ ಅದು ಜಮೀನಿದ್ದವರಿಗೆ ಮಾತ್ರ ಯಾಕೆ ಅನ್ನುವ ಪ್ರಶ್ನೆ ಎದ್ದಿತು. ಜಮೀನು ಇರಲಿ ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು ಅಂತ ಊರು ತೀರ್ಮಾನಿಸಿತು. ನೀರು ಬೇಡದವರು ತಮ್ಮ ಪಾಲನ್ನು ಮಾರಬಹುದಿತ್ತು. ಆಮೇಲೆ ಗುಡ್ಡ ಮೇಯಿಸಬೇಡಿ ಅಂತ ಯಾರೂ ಕಾವಲು ಕಾಯಬೇಕಾಗಲಿಲ್ಲ. ಗುಡ್ಡ ಹಸಿರಾಯಿತು, ಹೂಳು ಬರುವುದು ತಗ್ಗಿತು.

ಕೀನ್ಯಾದ ಮಚಾಕೋಸ್‌ನಲ್ಲಿ ಇದರ ಉಲ್ಟಾ ನೋಡಬಹುದು. ಬ್ರಿಟಿಷ್ ಆಡಳಿತ ಬಲವಂತದಿಂದ ಬದು ಹಾಕಿಸಲು, ದನ ಕಡಿಮೆ ಮಾಡಿಸಲು ಹೋಗಿ, 1938ರಲ್ಲಿ ಜನ ನೈರೋಬಿಗೇ ನಡೆದು ಪ್ರತಿಭಟನೆ ಮಾಡಿದರು. ಮುಂದೆ ಬೆಳೆಗೆ ಮಾರುಕಟ್ಟೆ ಬಂದಾಗ ಅದೇ ಜನ ಯಾರೂ ಹೇಳದೆ ಗುಂಪು ಕಟ್ಟಿಕೊಂಡು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಸರದಿಯಲ್ಲಿ ಬದು ಹಾಕಿದರು. ಅವರ ವಿಧಾನದ ಹೆಸರು ಫಾನ್ಯಾ ಜೂ, ಸ್ವಾಹಿಲಿಯಲ್ಲಿ "ಮೇಲಕ್ಕೆ ಹಾಕು" ಅಂತ. ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆಯುವುದು. ಉಳುಮೆಯಾಗುತ್ತ ಆಗುತ್ತ ಬದುವಿನ ಹಿಂದೆ ನೆಲ ತಾನಾಗಿ ಸಮವಾಗುತ್ತದೆ. 1930ರಿಂದ 1990ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಐದು ಪಟ್ಟಾಯಿತು, ಸವೆತ ಮಾತ್ರ ಕಡಿಮೆಯಾಯಿತು.

ನಿಮ್ಮ ಕಡೆ ಇಡೀ ಊರನ್ನು ಒಪ್ಪಿಸಲು ಹೋಗಬೇಡಿ. ಒಂದೇ ನೀರಿನ ದಾರಿಯಲ್ಲಿರುವ ನಾಲ್ಕೈದು ಮನೆಯವರು ಸಾಕು. ಜೋರು ಮಳೆ ಬರುವಾಗ ಕೊಡೆ ಹಿಡಿದು ಒಟ್ಟಿಗೆ ಗುಡ್ಡದ ನೆತ್ತಿಯಿಂದ ಕೆಳಗಿನವರೆಗೆ ನಡೆಯಿರಿ. ಸಿಡಿಲು ಇರುವಾಗ ಬೇಡ. ನೀರು ಎಲ್ಲಿ ಸೇರುತ್ತದೆ, ಎಲ್ಲಿ ಬಣ್ಣ ಬದಲಾಗುತ್ತದೆ, ಯಾವ ದಾರಿ, ಯಾವ ಗಾಡಿ ಜಾಡು ಕಾಲುವೆಯಾಗಿದೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಕಾಲುದಾರಿ, ಗಾಡಿ ದಾರಿಗಳೇ ಎಷ್ಟೋ ಕೊರಕಲುಗಳ ಮೂಲ. ಎರಡು ಹೊಲದ ಗಡಿಯಲ್ಲಿ ಎರಡೂ ಕಡೆಯಿಂದ ಒಂದೊಂದು ಮೀಟರ್ ಬಿಟ್ಟು ಹುಲ್ಲು ಬೆಳೆಸಿ, ಎಲ್ಲರ ಕೋಡಿಯ ನೀರೂ ಆ ಹುಲ್ಲುಗಾಲುವೆಗೇ ಬೀಳುವಂತೆ ಮಾಡಿ. ಜಾಗ ಹೋಯಿತು ಅನ್ನುವವರಿಗೆ ಆ ಹುಲ್ಲು ಕೊಯ್ಯುವ ಹಕ್ಕು ಇರಲಿ. ಕೆಲಸ ನೆತ್ತಿಯ ಹೊಲದಿಂದಲೇ ಶುರುವಾಗಲಿ, ಅದು ನಿಮ್ಮದಲ್ಲದಿದ್ದರೂ. ಅಲ್ಲಿ ಒಂದು ದಿನ ನೀವು ಹಾರೆ ಹಿಡಿದರೆ ನಿಮ್ಮ ಹೊಲದಲ್ಲಿ ಮೂರು ದಿನದ ಕೆಲಸ ಉಳಿಯುತ್ತದೆ.

ಈ ವರ್ಷಕ್ಕೆ ಇಷ್ಟು ಮಾಡಿ. ಈಗಲೇ ಕೊರಕಲಿನ ತಲೆಗೆ ಬೀಳುವ ನೀರನ್ನು ತಿರುಗಿಸಿ, ಬದುವಿಗೆ ಕೋಡಿ ಕೊಡಿ. ಬಿತ್ತನೆಗೆ ಮುಂಚೆ ಮಟ್ಟದ ಗೆರೆ ಹಿಡಿದು ಹುಲ್ಲಿನ ಪಟ್ಟಿ ಬಿಡಿ, ಅದಕ್ಕೆ ಸರಿಯಾಗಿ ಅಡ್ಡ ಬಿತ್ತಿ. ಕೊಯ್ಲಿನಲ್ಲಿ ಕೂಳೆ ಬಿಡಿ. ಹೊಲದ ಐದಾರು ಕಡೆ ಉದ್ದನೆಯ ಕಬ್ಬಿಣದ ಮೊಳೆಗಳನ್ನು ತಲೆ ನೆಲದ ಮಟ್ಟಕ್ಕೆ ಬರುವಂತೆ ಹೊಡೆದು, ತಾರೀಕು ಬರೆದಿಡಿ. ಮಳೆಗಾಲ ಮುಗಿದ ಮೇಲೆ ಮೊಳೆ ಎಷ್ಟು ಮೇಲೆ ಕಾಣುತ್ತಿದೆ ಅಂತ ಅಳೆದರೆ ಯಾವ ಕಡೆ ಮಣ್ಣು ಹೋಗುತ್ತಿದೆ, ಯಾವ ಕಡೆ ಕೂತಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಹೊಸ ಬದುವಿನ ಯೋಚನೆ ಆ ಅಳತೆ ಕೈಗೆ ಬಂದ ಮೇಲೆ ಮಾಡಿದರಾಯಿತು.

ಕೊನೆಗೊಂದು ವಿಷಯ. ಮೇಲಿನ ಹೊಲದವರ ಬಗ್ಗೆ ನೀವು ಬರೆದಿದ್ದೀರಿ, ಕೆಳಗಿನ ಹೊಲದವರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ನಿಮ್ಮ ಬದು ಒಡೆದ ರಾತ್ರಿ ಆ ನೀರು ಹೋದದ್ದು ಅವರಲ್ಲಿಗೇ. ಕೋಡಿಗೆ ಕಲ್ಲು ಜೋಡಿಸುವ ಮುಂಚೆ ಅವರನ್ನೂ ಕರೆದು, ನೀರು ಎಲ್ಲಿ ಬೀಳುತ್ತದೆ ಅಂತ ಗೂಟ ಹೊಡೆದು ತೋರಿಸಿ.